ಐವತ್ತಾರು ಎಂದು ಕೆತ್ತಿದ್ದ ವೆಜ್

...ಅಥವಾ ಆ ಗೀರು ಮೊದಲಿನಿಂದಲೂ ಇತ್ತೇನೋ. ವೆಜ್‌ನ ಕತ್ತಿನ ಮೇಲೆ, ಉದ್ದನೆಯ ಹಿಡಿ ಬಂದು ಕಬ್ಬಿಣದ ತಲೆಗೆ ಸೇರುವ ಕಡೆ, ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಉಕ್ಕು ಬೆಳ್ಳಗೆ ಉಜ್ಜಿಹೋಗಿತ್ತು. ಅದನ್ನು ಮೊದಲು ನೋಡಿದ್ದು ಯಾವಾಗ ಎಂದು ನನ್ನನ್ನೇ ಕೇಳಿಕೊಂಡರೆ, ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಕ್ಲಬ್ ಒರೆಸುವಾಗ ಎಂಬ ಉತ್ತರ ಬರುತ್ತದೆ. ಆದರೆ ಆ ಉತ್ತರ ತುಂಬ ಬೇಗ ಬರುತ್ತದೆ. ಬೇಗ ಬರುವ ನೆನಪುಗಳನ್ನು ನಾನು ನಂಬುವುದಿಲ್ಲ. ಈ ನೆನಪಿನಲ್ಲಿ ಬೆಳಗಿನ ಬಿಸಿಲು ನನ್ನ ಮೊಣಕೈ ಮೇಲೆ ಬೀಳುತ್ತಿದೆ. ನಮ್ಮ ಮನೆಯ ಬಾಲ್ಕನಿ ಪಶ್ಚಿಮಕ್ಕಿದೆ.

ಗಾಲ್ಫ್ ಆಡದವರಿಗೆ ಇಷ್ಟು ಹೇಳಬೇಕು. ವೆಜ್ ಎಂದರೆ ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್. ಅದರ ಮುಖ ಆರಾಮಕುರ್ಚಿಯ ಬೆನ್ನಿನಂತೆ ಹಿಂದಕ್ಕೆ ವಾಲಿರುತ್ತದೆ. ಎಷ್ಟು ವಾಲಿದೆ ಎಂಬ ಲೆಕ್ಕಕ್ಕೆ ಲಾಫ್ಟ್ ಎನ್ನುತ್ತಾರೆ. ಹೆಚ್ಚು ವಾಲಿದ್ದರೆ ಚೆಂಡು ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ. ಕಡಿಮೆ ವಾಲಿದ್ದರೆ ತಗ್ಗಾಗಿ ಹಾರಿ ಇನ್ನಷ್ಟು ಮುಂದೆ ಬೀಳುತ್ತದೆ. ನನ್ನ ವೆಜ್‌ನ ತಳದಲ್ಲಿ 56 ಎಂದು ಕೆತ್ತಿತ್ತು. ಐವತ್ತಾರು ಡಿಗ್ರಿ. ನಾನು ಸರ್ಕಾರದ ಒಂದು ಇಂಜಿನಿಯರಿಂಗ್ ಇಲಾಖೆಯಲ್ಲಿ ನಿವೃತ್ತಿಯವರೆಗೂ ನಕ್ಷೆ ಬರೆದವಳು. ನಕ್ಷೆಯಲ್ಲಿ ಬರೆದ ಅಳತೆಯೇ ಅಳತೆ, ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ನಮಗೆ ಕಲಿಸಿದ್ದರು. ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ಬರೆದ ಸಂಖ್ಯೆ ಹಾಗಲ್ಲ. ಆ ಪಾಠ ಮೈಗೆ ಎಷ್ಟು ಹತ್ತಿತ್ತೆಂದರೆ ಕೋನಮಾಪಕ ಮೇಜಿನ ಖಾನೆಯಲ್ಲೇ ಇದ್ದರೂ ಆ ಐವತ್ತಾರನ್ನು ಅಳೆದು ನೋಡಬೇಕು ಅನ್ನಿಸಲೇ ಇಲ್ಲ.

ಆಟಕ್ಕೆ ನನ್ನನ್ನು ಎಳೆದವರು ನನ್ನ ಹಲ್ಲಿನ ಡಾಕ್ಟರು. ಬನಶಂಕರಿಯಲ್ಲಿ ಅವರ ಕ್ಲಿನಿಕ್. ದವಡೆ ಹಲ್ಲಿನ ಬೇರು ತೆಗೆಯುತ್ತಾ ಅವರು ಗಾಲ್ಫ್ ಬಗ್ಗೆ ಮಾತಾಡಿದರು. "ನಡಿಗೆಗೆ ನಡಿಗೆ, ಆಟಕ್ಕೆ ಆಟ, ಬನ್ನಿ ಮೇಡಂ ಭಾನುವಾರ" ಎಂದರು. ಬಾಯಿ ತೆರೆದುಕೊಂಡಿದ್ದರಿಂದ ಬೇಡ ಎನ್ನಲು ಆಗಲಿಲ್ಲ. ಇದನ್ನು ನಾನು ಎಷ್ಟು ಸಲ ತಮಾಷೆಯಾಗಿ ಹೇಳಿದ್ದೇನೆಂದರೆ ಈಗ ಇದು ನಡೆದದ್ದೋ ಕಟ್ಟಿದ್ದೋ ತಿಳಿಯದು. ಬಹುಶಃ ನಾನೇ ಕೇಳಿಕೊಂಡಿದ್ದೆ. ನಿವೃತ್ತಿಯಾಗಿ ಒಂದು ವರ್ಷ ಕಳೆದಿತ್ತು. ಜಯನಗರದ ಮೊದಲ ಮಹಡಿಯ ಮನೆ, ನಾನೊಬ್ಬಳೇ. ಮದುವೆಯಾದವಳಲ್ಲ, ಅದು ಈ ಬರಹದ ವಿಷಯವೂ ಅಲ್ಲ. ವಿಷಯ ಏನೆಂದರೆ, ಒಂದೊಂದು ದಿನ ನನ್ನ ಬಾಯಿಂದ ಹೊರಗೆ ಬೀಳುತ್ತಿದ್ದ ಮಾತೆಂದರೆ ಸಾಮಾನು ತಂದವರಿಗೆ ಬಾಗಿಲಲ್ಲಿ ಓದಿ ಹೇಳುವ ಓಟಿಪಿ ಮಾತ್ರ.

ಭಾನುವಾರಕ್ಕೆ ನಾವು ಮೂವರು. ಡಾಕ್ಟರು, ನಾನು, ಇನ್ನೊಬ್ಬ ವಿಜಯಪುರದವನು. ಅವನು ಬಿಟಿಎಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ವಿಮೆ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ; ಡಾಕ್ಟರಿಗೆ ಗಾಲ್ಫ್ ಹೊಡೆತ ಕಲಿಯುವ ಪ್ರಾಕ್ಟೀಸ್ ರೇಂಜ್‌ನಲ್ಲಿ ಸಿಕ್ಕ ಪರಿಚಯ. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಬಹಳ ಚಿಕ್ಕವನು. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಡಾಕ್ಟರು ಕಾರು ತಂದು ಮನೆ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಕನಕಪುರ ರಸ್ತೆಯಲ್ಲಿ ಊರು ಮುಗಿದ ಮೇಲೆ ಒಂದು ಚಿಕ್ಕ ಮೈದಾನ, ದೊಡ್ಡ ಮನುಷ್ಯರು ಆಡುವಂಥದ್ದಲ್ಲ. ನನ್ನ ಹತ್ತಿರ ಪೂರ್ತಿ ಸೆಟ್ ಕೂಡ ಇರಲಿಲ್ಲ. ಡಾಕ್ಟರ ಸಂಬಂಧಿಕರೊಬ್ಬರು ಬಿಟ್ಟ ಹಳೇ ಚೀಲದಲ್ಲಿ ಉಳಿದಿದ್ದ ಕೆಲವು ಕ್ಲಬ್‌ಗಳು ನನ್ನ ಪಾಲಿಗೆ ಬಂದಿದ್ದವು.

ಆ ಮೈದಾನದಲ್ಲಿ ಒಂದು ಹೊಂಡ ಇದೆ. ಹೊಂಡದಾಚೆ ಗ್ರೀನ್, ಎಂದರೆ ಗುಂಡಿಯಿರುವ ನುಣುಪು ಹುಲ್ಲಿನ ಜಾಗ, ಒಂದು ಚಾಪೆಯಷ್ಟು ಕಿರಿದು. ಅದರ ಹಿಂದೆಯೇ ತಂತಿಬೇಲಿ, ನೀಲಗಿರಿ ತೋಪು. ನನ್ನ ಚೀಲದಲ್ಲಿ ವೆಜ್ ಬಿಟ್ಟರೆ ಮುಂದಿನದು ಕಡಿಮೆ ವಾಲಿದ ಒಂಬತ್ತನೇ ನಂಬರಿನ ಕ್ಲಬ್. ಅದರಲ್ಲಿ ಹೊಡೆದರೆ ಚೆಂಡು ಬೇಲಿ ದಾಟಿ ಮರಗಳೊಳಗೆ ಹೋಗುತ್ತಿತ್ತು. ವೆಜ್‌ನಲ್ಲಿ ಹೊಡೆದರೆ ಹೊಂಡ. ನಡುವಿನ ಹೊಡೆತ ನನ್ನ ಚೀಲದಲ್ಲಿ ಇರಲಿಲ್ಲ.

ಹೊಂಡಕ್ಕೆ ಚೆಂಡು ಹಾಕಿದವರು ಅವತ್ತಿನ ಸರ್ವರ್. ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ ಅದು. ವಾಪಸ್ ಬರುವಾಗ ಜೆ.ಪಿ. ನಗರದ ದರ್ಶಿನಿಯಲ್ಲಿ ಕಾರು ನಿಲ್ಲುತ್ತಿತ್ತು. ಸರ್ವರ್ ಆದವರು ಕೌಂಟರಿನಲ್ಲಿ ನೂಕಾಡಿ ಮೂವರ ತಟ್ಟೆಗಳನ್ನೂ ತರಬೇಕು, ಉಳಿದಿಬ್ಬರು ನಿಂತು ತಿನ್ನುವ ಕಲ್ಲಿನ ಮೇಜಿಗೆ ಒರಗಿ ಆರ್ಡರ್ ಕೊಡಬೇಕು.

"ಇವತ್ತು ಸರ್ವರ್ ಯಾರು?" ಡಾಕ್ಟರು ಕಾರಿನಿಂದ ಇಳಿಯುವ ಮೊದಲೇ ಶುರು.

"ಮತ್ಯಾರ್ರೀ? ನಮ್ಮ ಅಕ್ಕಾರ. ಪರ್ಮನೆಂಟ್ ಪೋಸ್ಟ್ ಅದ ಅವರದು."

"ರಿಟೈರ್ ಆದ್ಮೇಲೆ ಮತ್ತೆ ಕೆಲಸ ಸಿಕ್ತಲ್ಲ ಮೇಡಂ, ಖುಷಿಪಡಿ. ನನಗೆ ಇಡ್ಲಿ ವಡೆ, ವಡೆ ಸಪರೇಟು."

"ಸರ್ವರ್, ಚಟ್ನಿ ಒಂದೀಟ್ ಜಾಸ್ತಿ ಹಾಕ್ರಿ."

"ಟಿಪ್ಸ್ ಕೊಡ್ತೀರಾ?" ಎನ್ನುತ್ತಿದ್ದೆ ನಾನು.

"ಮೊದ್ಲು ಹೊಂಡಕ್ಕೆ ಇಳಿದು ಚೆಂಡು ತಗೊಂಬನ್ನಿ, ಆಮೇಲೆ ಟಿಪ್ಸು."

ಮೂರು ತಟ್ಟೆ ಎರಡು ಕೈಯಲ್ಲಿ ತರುವುದನ್ನು ಕಲಿತೆ. ಹೇಳಲು ನಾಚಿಕೆಯಿಲ್ಲ, ವಾರವಿಡೀ ನಾನು ಕಾಯುತ್ತಿದ್ದದ್ದು ಆಟಕ್ಕಲ್ಲ, ಆ ತಟ್ಟೆಗಳಿಗೆ.

ಎಷ್ಟೋ ವಾರಗಳಾದ ಮೇಲೆ ತಮಾಷೆ ನಿಂತಿತು. ನಿಂತ ದಿನ ಯಾವುದೆಂದು ಹೇಳಲಾರೆ. ನಿಂತಿದೆ ಎಂದು ನನಗೆ ಗೊತ್ತಾದ ದಿನ ಮಾತ್ರ ಗೊತ್ತು. ಅವತ್ತು ನನ್ನ ಚೆಂಡುಗಳು ಒಂದರ ಹಿಂದೆ ಒಂದು ಹೊಂಡಕ್ಕೆ ಹೋದವು. ವಿಜಯಪುರದವನು ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅಕ್ಕಾರ, ನೀವು ಹೊಂಡದ ಆ ಕಡಿ ಹೋಗಿ ಹೊಡೀರಿ. ಏನಾಗ್ತದ? ನಾವೇನ್ ಒಲಿಂಪಿಕ್ಸ್ ಆಡಾಕ ಬಂದೀವೇನು?"

ಡಾಕ್ಟರು ತಮ್ಮ ಕೈಗವಸಿನ ಹೊಲಿಗೆ ನೋಡುತ್ತಿದ್ದರು. ನಾನು ಹೊಂಡವನ್ನು ಸುತ್ತಿಕೊಂಡು ಹೋಗಿ ಆ ದಡದಲ್ಲಿ ಚೆಂಡು ಇಟ್ಟು ಹೊಡೆದೆ. ಈ ದಡದಲ್ಲಿ ಅವರಿಬ್ಬರೂ ನಿಂತು ಏನೋ ಮಾತಾಡುತ್ತಿದ್ದರು. ನೀರಿನ ಮೇಲಿಂದ ಮಾತು ಬರಲಿಲ್ಲ. ದರ್ಶಿನಿಯಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ಮೂರು ತಟ್ಟೆಯೂ ಮೇಜಿನ ಮೇಲಿದ್ದವು. ಯಾರೂ ಸರ್ವರ್ ಎನ್ನಲಿಲ್ಲ. "ತಗೊಳ್ಳಿ ಮೇಡಂ, ಆರೋಗುತ್ತೆ" ಎಂದರು ಡಾಕ್ಟರು.

ಅದರ ಮುಂದಿನ ಭಾನುವಾರವೂ ಹಾಗೇ. ಅದರಾಚೆಯ ಭಾನುವಾರ ಹಾರ್ನ್ ಕೇಳಿಸಲಿಲ್ಲ. ಡಾಕ್ಟರಿಗೆ ಯಾವುದೋ ಮದುವೆಯಂತೆ. ಮದುವೆ ಇದ್ದಿರಬಹುದು. ನಾನು ಆಟದ ಬಟ್ಟೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದೆ. ಇನ್ನು ಎಷ್ಟು ಭಾನುವಾರ ಇವರು ನನ್ನನ್ನು ಹೊಂಡದಾಚೆ ಕಳಿಸುತ್ತಾರೆ, ಆಮೇಲೆ ಎಷ್ಟು ಮದುವೆಗಳು ಬರುತ್ತವೆ ಎಂದು ಯೋಚಿಸುತ್ತಾ ನಿಂತಿದ್ದೆ. ಇದು ಮಾತ್ರ ಸರಿಯಾಗಿ ನೆನಪಿದೆ, ಏಕೆಂದರೆ ಇದನ್ನು ಯಾರಿಗೂ ಹೇಳಿಲ್ಲ.

ಆ ಹೊತ್ತಿಗೇ ಕ್ಲಬ್‌ಗಳ ಗ್ರಿಪ್ ಬದಲಾಯಿಸಬೇಕೆಂಬ ಮಾತು ಬಂತು. ಹಿಡಿಯ ರಬ್ಬರು ಹಳತಾಗಿ ಗಟ್ಟಿಯಾಗಿತ್ತು, ಕೈ ಜಾರುತ್ತಿತ್ತು. ಬಿಟಿಎಂನಲ್ಲಿ ಕ್ಲಬ್ ರಿಪೇರಿ ಮಾಡುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದರು. ನನ್ನ ಕ್ಲಬ್‌ಗಳು ಅಲ್ಲಿಗೆ ಹೋದವು, ಹೊಸ ಗ್ರಿಪ್ ಹಾಕಿಸಿಕೊಂಡು ಬಂದವು. ವಾಕ್ಯವನ್ನು ಬೇಕೆಂದೇ ಹೀಗೆ ಬರೆದಿದ್ದೇನೆ, ಕ್ಲಬ್‌ಗಳು ತಾವೇ ನಡೆದುಕೊಂಡು ಹೋಗಿ ಬಂದಂತೆ. ಯಾರು ಒಯ್ದರು ಎಂಬ ಪ್ರಶ್ನೆ ಆಗ ಇರಲೇ ಇಲ್ಲ.

ಮುಂದಿನ ಆಟದಲ್ಲಿ ನನ್ನ ಚೆಂಡು ಹೊಂಡ ದಾಟಿತು.

ಎತ್ತರಕ್ಕೆ ಹೋಗಲಿಲ್ಲ, ತಗ್ಗಾಗಿ, ಅವಸರದಲ್ಲಿರುವಂತೆ ಹಾರಿ ದಡದ ಅಂಚಿಗೆ ಬಿದ್ದು ಗ್ರೀನ್ ಮೇಲೆ ಉರುಳಿತು. ವಿಜಯಪುರದವನು ಶಿಳ್ಳೆ ಹಾಕಿದ. ಡಾಕ್ಟರು "ಏನ್ ಮೇಡಂ, ಮನೇಲಿ ಕದ್ದು ಪ್ರಾಕ್ಟೀಸಾ?" ಎಂದರು. ಕದ್ದು ಅಲ್ಲ, ಆದರೆ ನಾನು ದಿನಾ ಬೆಳಿಗ್ಗೆ ನೀರು ತುಂಬಿದ ಬಾಟಲಿ ಹಿಡಿದು ತೋಳು ಬೀಸುತ್ತಿದ್ದೆ. ಅದರ ಫಲ ಎಂದುಕೊಂಡೆ. ಹೊಸ ಗ್ರಿಪ್‌ನ ಫಲ ಎಂದೂ ಅಂದುಕೊಂಡೆ. ಒಂದೇ ತೊಂದರೆ, ವೆಜ್‌ನ ಕೆಳಗಿನ ಅಂಚು ಈಗ ಮಣ್ಣಿಗೆ ಕಚ್ಚಿಕೊಳ್ಳುತ್ತಿತ್ತು. ಮೊದಲು ಹುಲ್ಲಿನ ಮೇಲೆ ಜಾರಿ ಹೋಗುತ್ತಿದ್ದದ್ದು ಈಗ ಅಂಗೈಯಗಲ ಹುಲ್ಲನ್ನು ಬೇರುಸಮೇತ ಎಬ್ಬಿಸುತ್ತಿತ್ತು. ನೆಲ ಹಸಿ ಇದೆ ಎಂದುಕೊಂಡೆ. ಬೇಸಿಗೆಯಲ್ಲೂ ಹಾಗೇ ಅಂದುಕೊಂಡೆ.

ಅವತ್ತು ಡಾಕ್ಟರ ಚೆಂಡು ನೀರಿಗೆ ಬಿತ್ತು. ದರ್ಶಿನಿಯಲ್ಲಿ ಅವರು ಸರ್ವರ್. ನಾನು ಮೇಜಿಗೆ ಒರಗಿ ನಿಂತು, ಮೇಲಿಂದ ಮೇಲೆ ಮೂರು ಸಲ ಆರ್ಡರ್ ಬದಲಾಯಿಸಿದೆ.

ಆಮೇಲೆ ಸುಮಾರು ಎರಡು ವರ್ಷ ಹಾಗೇ ನಡೆಯಿತು. ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಚೆನ್ನಾಗಿದ್ದವು.

ಮುಗಿದದ್ದೂ ಸದ್ದಿಲ್ಲದೆ. ವಿಜಯಪುರದವನಿಗೆ ಅವನ ಊರಿಗೇ ವರ್ಗವಾಯಿತು. ಡಾಕ್ಟರು ಕ್ಲಿನಿಕ್ ಬೇರೆಯವರಿಗೆ ವಹಿಸಿ ಮೈಸೂರಿಗೆ, ತಮ್ಮನ ಮನೆ ಹತ್ತಿರಕ್ಕೆ ಹೋದರು. ಜಗಳವಿಲ್ಲ, ಬೇಸರವಿಲ್ಲ. ಮೂವರ ವಾಟ್ಸಾಪ್ ಗುಂಪು ಈಗಲೂ ಇದೆ. ಹಬ್ಬದ ದಿನ ಅದರಲ್ಲಿ ದೀಪ ಉರಿಯುತ್ತದೆ.

ನಾನು ಒಬ್ಬಳೇ ಹೋಗತೊಡಗಿದೆ. ಮೆಟ್ರೋದಲ್ಲಿ ಕೊನೆಯ ಸ್ಟೇಷನ್, ಅಲ್ಲಿಂದ ಆಟೋ. ಚೀಲ ತಪಾಸಣೆಯ ಕಡೆ ಸೆಕ್ಯೂರಿಟಿ ಹೆಂಗಸು ಪ್ರತಿ ಸಲವೂ "ಏನಾಂಟಿ ಇದು, ಹಾಕಿ ಸ್ಟಿಕ್ಕಾ?" ಎಂದು ಕೇಳುತ್ತಾಳೆ. ಮೊದಮೊದಲು ವಿವರಿಸುತ್ತಿದ್ದೆ. ಈಗ ಹೌದು ಎನ್ನುತ್ತೇನೆ. ಒಬ್ಬರೇ ಆಡುವಾಗ ಆಟ ಬೇಗ ಮುಗಿದುಬಿಡುತ್ತದೆ. ಬೇರೆಯವರು ಹೊಡೆಯುವವರೆಗೆ ಕಾಯುವ ಹೊತ್ತೇ ಆಟದ ಬಹುಪಾಲು ಎಂದು ಆಗ ಗೊತ್ತಾಯಿತು. ಹೊಂಡದ ಮುಂದೆ ನಿಲ್ಲುತ್ತೇನೆ, ಹೊಡೆಯುತ್ತೇನೆ, ನೀರು ಡುಬುಕ್ ಎನ್ನುತ್ತದೆ. ವಯಸ್ಸು ತನ್ನ ಪಾಲು ಕೇಳುತ್ತಿತ್ತು, ಚೆಂಡು ಮತ್ತೆ ದಡ ಮುಟ್ಟುತ್ತಿರಲಿಲ್ಲ. ಈಗ ದಾಟಿದರೂ ಅಷ್ಟೆ, ಬಿದ್ದರೂ ಅಷ್ಟೆ. ಆದರೂ ದಾಟಬೇಕು ಅನ್ನಿಸುತ್ತಿತ್ತು. ಯಾಕೆ ಎಂದು ಕೇಳಿಕೊಂಡರೆ, ದಾಟುತ್ತಿದ್ದ ದಿನಗಳಲ್ಲಿ ಜನ ಇದ್ದರು ಎಂಬ ದಡ್ಡ ಉತ್ತರ ಬರುತ್ತದೆ.

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ವೆಜ್‌ನ ಕತ್ತು ಬಗ್ಗಿಸಿ ಲಾಫ್ಟ್ ಕಡಿಮೆ ಮಾಡಬಹುದು, ಚೆಂಡು ಸ್ವಲ್ಪ ದೂರ ಹೋಗುತ್ತದೆ ಎಂದು ಅದರಲ್ಲಿ ಹೇಳಿದ್ದರು. ಉಕ್ಕನ್ನು ಹೀಗೆ ಬಗ್ಗಿಸಬಹುದು ಎಂಬುದೇ ನನಗೆ ಅವತ್ತು ಹೊಸದು. ಹೊಸದು ಎಂದು ಬರೆದಿದ್ದೇನೆ. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ. ವೆಜ್ ಒಂದನ್ನೇ ಟವಲಿನಲ್ಲಿ ಸುತ್ತಿಕೊಂಡು ಬಿಟಿಎಂನ ಆ ಅಂಗಡಿಗೆ ಹೋದೆ.

ಅಂಗಡಿ ಎಂದರೆ ಒಂದು ಜಿಮ್‌ನ ಮೇಲಿನ ಕೋಣೆ. ಕೆಳಗಡೆ ಯಾರೋ ಕಬ್ಬಿಣ ಎತ್ತಿ ಇಳಿಸುವ ಸದ್ದು ನೆಲಕ್ಕೆ ಬಡಿಯುತ್ತಿತ್ತು. ಅಂಗಡಿಯವನು ಮೂವತ್ತರ ಆಸುಪಾಸಿನ ಮಾತುಗಾರ, ತಲೆಗೆ ಉಲ್ಟಾ ಟೋಪಿ. ತನ್ನ ಮಷೀನನ್ನು ತನ್ನ ಮಗುವಿನಂತೆ ತೋರಿಸಿದ.

"ಸಖತ್ ಮಷೀನ್ ಮೇಡಂ. ಈ ಏರಿಯಾದಲ್ಲಿ ಯಾರ ಹತ್ರನೂ ಇಲ್ಲ. ಎಷ್ಟು ಕಮ್ಮಿ ಮಾಡ್ಬೇಕು?"

"ಎರಡು ಮೂರು ಡಿಗ್ರಿ."

ಅವನು ವೆಜ್‌ನ ತಲೆಯನ್ನು ಮಷೀನಿನ ಇಕ್ಕಳದಲ್ಲಿ ಕೂರಿಸಿ ತಿರುಪು ಬಿಗಿದ. ಮುಳ್ಳು ಓಡುವ ಅಳತೆಪಟ್ಟಿಯನ್ನು ಮುಖಕ್ಕೆ ಒತ್ತಿ ಹಿಡಿದ. ನೋಡಿದ. ತೆಗೆದು ಮತ್ತೆ ಒತ್ತಿದ.

"ಐವತ್ತಾರು ಅಂತ ಯಾರಂದ್ರು?"

"ತಳದಲ್ಲಿ ಕೆತ್ತಿದೆಯಲ್ಲ."

"ಕೆತ್ತಿರೋದು ಬಿಡಿ. ಇದು ಐವತ್ತೊಂದು ಇದೆ." ಇನ್ನೊಂದು ಸಲ ಇಟ್ಟ. "ಐವತ್ತೆರಡು ಅಂತಾನೇ ಇಟ್ಕೊಳಿ. ಮೇಡಂ, ಇದನ್ನ ಆಗ್ಲೇ ಬಗ್ಸಿದಾರೆ. ಕತ್ತು ನೋಡಿ, ಸರಳು ಹಾಕಿ ಎಳ್ದಿರೋ ಗುರುತು. ತಳದ ಉಬ್ಬು ಎಲ್ಲಾ ಹೋಗಿದೆ, ಅಂಚು ನೆಲ ಅಗೀತಿರ್ಬೇಕಲ್ಲ?"

"ಅಗೀತಿತ್ತು."

"ಅದೇ. ಇನ್ನೂ ಬಗ್ಸಿದ್ರೆ ಇದು ವೆಜ್ ಅಲ್ಲ, ಗುದ್ದಲಿ."

"ಕಂಪನಿಯಿಂದಲೇ ಹೀಗೆ ಬಂದಿರಬಹುದಾ?"

"ಒಂದು ಡಿಗ್ರಿ ಆಚೆ ಈಚೆ ಬರತ್ತೆ. ನಾಲ್ಕೈದಾ? ಚಾನ್ಸೇ ಇಲ್ಲ." ಅಳತೆಪಟ್ಟಿಯನ್ನು ಬೆರಳಿಂದ ತಟ್ಟಿ, "ನಂದೇ ಗೇಜ್ ಒಂಚೂರು ಆಟ ಆಡತ್ತೆ, ಅದನ್ನೂ ಹೇಳ್ಬಿಡ್ತೀನಿ. ಆದ್ರೆ ಐದು ಡಿಗ್ರಿ ಆಟ ಆಡಲ್ಲ" ಎಂದ.

"ಮೂರು ವರ್ಷದ ಹಿಂದೆ ಇಲ್ಲೇ ಗ್ರಿಪ್ ಹಾಕಿಸಿದ್ದು. ಆಗ ಯಾರಾದ್ರೂ..."

"ಆಗ ಈ ಅಂಗಡಿ ನಮ್ಮ ಮಾವಂದು. ಅವರು ದುಬೈಗೆ ಹೋದ್ರು. ಅವರಿಗೆ ಯಾವ ಕಸ್ಟಮರ್ ಮುಖಾನೂ ನೆನಪಿರಲ್ಲ ಬಿಡಿ, ನನ್ನ ಮದುವೆಗೆ ಬಂದು ಹುಡುಗನ ಕಡೆಯವರು ಯಾರು ಅಂತ ಕೇಳಿದಾರೆ."

ವೆಜ್ ಹಾಗೇ ಟವಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತಾಗ ಮೊದಲು ಬಂದದ್ದು ಅವಮಾನ. ಬಾಟಲಿ ಹಿಡಿದು ತೋಳು ಬೀಸಿದ್ದೆಲ್ಲ ವ್ಯರ್ಥ. ಹೊಂಡ ದಾಟಿಸಿದ್ದು ನಾನಲ್ಲ, ಯಾರೋ ಬಗ್ಗಿಸಿದ ಕತ್ತು. ಆದರೆ ಬನಶಂಕರಿ ಕಡೆಯ ಬಸ್ಸು ಬರುವಷ್ಟರಲ್ಲಿ ಅವಮಾನ ತಿರುಗಿ ಬೇರೆ ಏನೋ ಆಗಿತ್ತು. ಯಾರೋ ಕೂತು ಯೋಚಿಸಿದ್ದಾರೆ. ಅಕ್ಕನನ್ನು, ಮೇಡಮ್ಮನ್ನು, ಹೇಗೆ ಈ ದಡದಲ್ಲೇ ಉಳಿಸಿಕೊಳ್ಳುವುದು ಎಂದು ಯೋಚಿಸಿದ್ದಾರೆ. ನನಗೆ ಹೇಳಿದರೆ ನೋಯುತ್ತೇನೆಂದು ಹೇಳದೆ ಮಾಡಿಸಿದ್ದಾರೆ. ನಾನಿಲ್ಲದೆ ಇಬ್ಬರೇ ಆಡಬಹುದಿತ್ತು; ಅದು ಅವರಿಗೆ ಬೇಡವಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಸುಮ್ಮನೆ ನಗುತ್ತಿದ್ದೆ. ಮುಂದಿನ ಸೀಟಿನ ಮಗು ನನ್ನನ್ನೇ ನೋಡುತ್ತಿತ್ತು.

ವಿಜಯಪುರಕ್ಕೆ ಫೋನ್ ಮಾಡಿದೆ.

"ಅಕ್ಕಾರ! ಆರಾಮ್ ಅದೀರಿ? ಹೊಂಡ ಆರಾಮ್ ಅದ?"

"ಎಲ್ಲಾ ಆರಾಮು. ಒಂದು ಕೇಳ್ಬೇಕು. ನನ್ನ ವೆಜ್ ನೀನು ಬಗ್ಗಿಸಿದ್ದಾ?"

"ಏನ್ ಬಗ್ಗಿಸಿದ್ದು?"

ಹೇಳಿದೆ. ಅವನು ಜೋರಾಗಿ ನಕ್ಕ. ಹಿಂದೆ ಪ್ರೆಶರ್ ಕುಕ್ಕರ್ ಕೂಗುತ್ತಿತ್ತು.

"ಅಯ್ಯ, ಅಂಥಾ ಬುದ್ಧಿ ನನಗಿದ್ರ ನನ್ನ ಕ್ಲಬ್ಬೇ ಮೊದ್ಲು ಬಗ್ಗಸ್ಕೊತಿದ್ನಿ, ಅಕ್ಕಾರ. ನಾ ಮಾಡಿಲ್ರಿ."

"ಗ್ರಿಪ್ ಹಾಕ್ಸೋಕೆ ನೀನೇ ಒಯ್ದಿದ್ದಲ್ವಾ? ಸ್ಕೂಟರ್ ಮೇಲೆ, ಕಾಲ ಮಧ್ಯೆ ಇಟ್ಕೊಂಡು?"

"ನಾ ಒಯ್ದಿದ್ನ್ಯಾ?" ಕುಕ್ಕರ್ ಆರಿಸಲು ಯಾರಿಗೋ ಹೇಳಿದ. "ಸ್ಕೂಟರ್ ಆಗ ಮಾರಿದ್ನಿ ಅನಸ್ತದ. ಡಾಕ್ಟರ್ ಒಯ್ದಿರಬೇಕು ನೋಡ್ರಿ. ಅವರನ್ನ ಕೇಳ್ರಿ. ಯಾರ್ ಮಾಡಿದ್ರೇನು, ಹೊಂಡ ದಾಟ್ತಲ್ಲ? ಬಿಡ್ರಿ."

ಆ ನಗು ಅಡಗಿಸುವ ನಗೆಯೋ ನಿಜವಾದ ನಗೆಯೋ ನನಗೆ ತಿಳಿಯಲಿಲ್ಲ. ಡಾಕ್ಟರಿಗೆ ಮಾಡಿದೆ.

"ನಾನ್ಯಾಕೆ ಬಗ್ಗಿಸ್ಲಿ ಮೇಡಂ? ಹಲ್ಲಿಗೆ ತಂತಿ ಹಾಕಿ ಎಳೆದಿದೀನಿ, ಗಾಲ್ಫ್ ಕ್ಲಬ್ಬಿಗೆ ಹಾಕಿಲ್ಲ."

"ಹಾಗಾದ್ರೆ ಯಾರು?"

"ಯಾರು ಅಂದ್ರೆ? ನೀವೇ ಮಾಡಿಸಿದ್ದಲ್ವಾ?"

"ನಾನಾ?"

"ನೀವೇ ಹೇಳಿದ್ರಪ್ಪ. ಇಡ್ಲಿ ತಿನ್ನೋವಾಗ. ಸ್ವಲ್ಪ ನೆಟ್ಟಗೆ ಮಾಡಿಸ್ದೆ, ಅದಕ್ಕೇ ಹೋಗ್ತಿದೆ ಅಂತ."

"ಗ್ರಿಪ್ ಬಗ್ಗೆ ಹೇಳಿರ್ಬೇಕು."

"ಇರ್ಬಹುದು. ನನಗೂ ವಯಸ್ಸಾಯ್ತು. ಆದ್ರೆ ಕೈಯಲ್ಲಿ ಹೀಗೆ ಮಾಡಿ ತೋರಿಸಿದ್ರಿ."

"ಹೀಗೆ ಅಂದ್ರೆ ಹೇಗೆ?"

"ಫೋನಲ್ಲಿ ಹೇಗೆ ತೋರಿಸ್ಲಿ ಮೇಡಂ?"

ಅವರು ಮೈಸೂರಿನ ಚಳಿಯ ಬಗ್ಗೆ, ತಮ್ಮನ ಮೊಮ್ಮಗಳ ಹಾಲುಹಲ್ಲಿನ ಬಗ್ಗೆ ಹೇಳಿದರು. ನಾನು ಹೂಂಗುಟ್ಟಿದೆ. ಫೋನ್ ಇಟ್ಟ ಮೇಲೆ ಊಟದ ಮೇಜಿನ ಮುಂದೆ ಕೂತು ಎರಡೂ ಕೈ ಮುಂದೆ ಚಾಚಿ ಒಂದು ಸರಳನ್ನು ಎಳೆಯುವಂತೆ ಮಾಡಿ ನೋಡಿದೆ. ಕೈಗಳಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ಉಕ್ಕು ಬಗ್ಗುತ್ತದೆ ಎಂಬುದು ವಿಡಿಯೋ ನೋಡಿದ ದಿನ ನನಗೆ ಹೊಸದು ಎಂದು ಬರೆದಿದ್ದೆನಲ್ಲ, ಡಾಕ್ಟರ ಮಾತು ನಿಜವಾದರೆ ಅದೂ ಸುಳ್ಳು.

ಆದರೆ ಆ ರಾತ್ರಿಯಿಂದ ಒಂದು ನೆನಪು ಹುಟ್ಟಿಕೊಂಡಿತು. ನಾನು ಆಟೋದಲ್ಲಿ ಕೂತಿದ್ದೇನೆ, ಮಡಿಲಲ್ಲಿ ಟವಲಿನಲ್ಲಿ ಸುತ್ತಿದ ಉದ್ದನೆಯದೇನೋ ಇದೆ, ಆಟೋ ಬಿಟಿಎಂ ಕಡೆ ಹೋಗುತ್ತಿದೆ. ಜಯದೇವದ ಹತ್ತಿರ ಫ್ಲೈಓವರ್ ಕೆಳಗೆ ನೆರಳು ಹಾಯುತ್ತದೆ. ಎಷ್ಟು ಸ್ಪಷ್ಟವಾಗಿದೆಯೆಂದರೆ ಆಟೋದವನ ಹಿಂಗತ್ತಿನ ಕೂದಲೂ ಕಾಣುತ್ತದೆ. ಆದರೆ ನಾನು ಆಟಕ್ಕೆ ಸೇರುವ ಮೊದಲೇ ಅಲ್ಲಿಯ ಹಳೇ ಫ್ಲೈಓವರನ್ನು ಮೆಟ್ರೋಗಾಗಿ ಕೆಡವಿಯಾಗಿತ್ತು. ಹಾಗಾದರೆ ಈ ನೆನಪು ಸುಳ್ಳು. ಅಥವಾ ಆಟೋ ನಿಜ, ಫ್ಲೈಓವರ್ ಬೇರೆ ಯಾವುದೋ ದಿನದ್ದು. ಮೊನ್ನೆ ಅಂಗಡಿಗೆ ಹೋದಾಗಿನ ಟವಲು ಹಿಂದಕ್ಕೆ ನುಸುಳಿಕೊಂಡಿರಲೂಬಹುದು. ನಕ್ಷೆಯಲ್ಲಾದರೆ ತಪ್ಪು ಗೆರೆಯನ್ನು ಬ್ಲೇಡಿನಿಂದ ಕೆರೆದರೆ ಕೆಳಗೆ ಬಿಳಿ ಕಾಗದ ಸಿಗುತ್ತದೆ. ಇಲ್ಲಿ ಕೆರೆದಷ್ಟೂ ಇನ್ನೊಂದು ಗೆರೆ.

ನನಗೆ ಬೇಕಾಗಿದ್ದೇನು ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ. ಅವರಲ್ಲೊಬ್ಬರು ಮಾಡಿಸಿದ್ದರೆ ಆ ಎರಡು ವರ್ಷ ನಾನು ಯಾರಿಗೋ ಬೇಕಾಗಿದ್ದೆ. ನಾನೇ ಮಾಡಿಸಿಕೊಂಡಿದ್ದರೆ ನನಗೆ ಅವರು ಬೇಕಾಗಿದ್ದರು, ಅಷ್ಟೆ. ಅದು ಹೊಸ ವಿಷಯವೇನಲ್ಲ. ಕರುಣೆಯಾದರೂ ಆಗಲಿ, ಯಾರೋ ನನಗಾಗಿ ಆ ಸರಳನ್ನು ಎಳೆಸಿರಲಿ ಎಂದು ನಾನು ಬಯಸುತ್ತಿದ್ದೆ. ಬಯಸುತ್ತಿರುವಾಗ ನೆನಪನ್ನು ಸಾಕ್ಷಿಗೆ ಕರೆಯುವುದು ಹೇಗೆ?

ಒಂದು ಉಪಾಯ ಹೊಳೆಯಿತು. ಕಣ್ಣಿನ ನೆನಪು ಸುಳ್ಳು ಹೇಳಬಹುದು; ಸದ್ದು ಹೇಳಲಾರದೇನೋ. ಉಕ್ಕಿನ ಕತ್ತು ಬಗ್ಗುವಾಗ ಏನಾದರೂ ಸದ್ದಾಗಲೇಬೇಕು. ನಾನು ಆ ಅಂಗಡಿಯಲ್ಲಿ ಎಂದಾದರೂ ನಿಂತು ನೋಡಿದ್ದರೆ ಆ ಸದ್ದು ಗುರುತಾಗುತ್ತದೆ. ಗುರುತಾಗದಿದ್ದರೆ ನಾನು ಅಲ್ಲಿರಲಿಲ್ಲ. ವಿಡಿಯೋದಲ್ಲಿ ಹಿನ್ನೆಲೆಗೆ ಸಂಗೀತ ಹಾಕಿದ್ದರು, ಆದ್ದರಿಂದ ಅದರಿಂದ ಕಲಬೆರಕೆಯಾಗಿಲ್ಲ. ಮತ್ತೆ ಬಿಟಿಎಂಗೆ ಹೋದೆ.

"ವಾಪಸ್ ಐವತ್ತಾರಕ್ಕೆ ತರ್ತೀರಾ?"

ಅಂಗಡಿಯವನು ಹುಬ್ಬು ಏರಿಸಿದ. "ಮೊನ್ನೆ ಕಮ್ಮಿ ಮಾಡಿ ಅಂದ್ರಿ, ಇವತ್ತು ಜಾಸ್ತಿ ಮಾಡಿ ಅಂತೀರ. ಒಂದ್ಸಲ ಬಗ್ಗಿರೋ ಕತ್ತು ಮೇಡಂ. ಮುರಿದ್ರೆ ನನ್ನನ್ನ ಬೈಕೋಬಾರ್ದು."

"ಬೈಯಲ್ಲ."

"ಚೆಂಡು ಇನ್ನೂ ಹತ್ತಿರ ಬೀಳತ್ತೆ."

"ಬೀಳಲಿ. ಒಂದ್ನಿಮಿಷ, ಕೆಳಗೆ ಆ ಜಿಮ್ ಸದ್ದು..."

"ಅದು ನಿಲ್ಲಲ್ಲ. ಬಾಡಿ ಮಾಡ್ತಾವ್ರೆ."

ತಲೆಯನ್ನು ಬಿಗಿದ. ಉದ್ದನೆಯ ಸರಳು ತಂದ, ಅದರ ತುದಿಯಲ್ಲಿ ಹಿತ್ತಾಳೆ ಕೂರಿಸಿದ ಒಂದು ಬಾಯಿ. ಆ ಬಾಯನ್ನು ವೆಜ್‌ನ ಕತ್ತಿಗೆ ಕಚ್ಚಿಸಿದ. ಒಂದು ಕಾಲು ಮುಂದಿಟ್ಟು, ಮೈಭಾರ ಬಿಟ್ಟು, ತಳ್ಳಿದ. ಗುದ್ದಿದ್ದಲ್ಲ, ಜಗ್ಗಿದ್ದಲ್ಲ, ಬಿಗಿಯಾಗಿ ಕೂತ ಬಾಗಿಲನ್ನು ಭುಜದಿಂದ ಒತ್ತುವ ಹಾಗೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಉಕ್ಕು ತುಸು ಸೋತಿತು.

ಒಂದು ಸದ್ದಾಯಿತು. ಚಿಕ್ಕದು, ಮಂದ, ಕಿರ್ ಎಂಬುದಕ್ಕೂ ಟಕ್ ಎಂಬುದಕ್ಕೂ ನಡುವಿನದು. ಕಿವಿಗಿಂತ ಹಲ್ಲಿಗೆ ಹೆಚ್ಚು ಕೇಳಿಸುವಂಥದ್ದು.

"ಆಯ್ತಾ?" ಎಂದೆ.

"ಒಂದೂವರೆ ಬಂತು. ಇನ್ನೂ ಇದೆ." ಸರಳನ್ನು ಕಳಚಿ ಅಳೆದ, ಮತ್ತೆ ಕಚ್ಚಿಸಿದ, ಮತ್ತೆ ಒತ್ತಿದ. ಮತ್ತೆ ಅದೇ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ.

ಸದ್ದು ಗುರುತಾಯಿತು. ಖಂಡಿತ ಗುರುತಾಯಿತು, ಇದನ್ನು ನಾನು ಮೊದಲು ಕೇಳಿದ್ದೇನೆ. ಆದರೆ ಎಲ್ಲಿ? ಬನಶಂಕರಿಯ ಕ್ಲಿನಿಕ್ಕಿನ ಕುರ್ಚಿಯಲ್ಲಿ, ದವಡೆಯೊಳಗೆ ಕೇಳಿದ್ದೇನೋ. ಮನೆಯ ಗೇಟಿನ ತಿರುಗಣಿಯಲ್ಲೋ. ಅಥವಾ ಇದೇ ಕೋಣೆಯಲ್ಲಿ, ಬೇರೊಬ್ಬನ ಕೈಯಲ್ಲೋ. ಗುರುತು ಹಿಡಿಯಲು ಹೊರಟ ಕ್ಷಣದಲ್ಲೇ ಎರಡನೇ ಸಲದ ಸದ್ದು ಮೊದಲನೇ ಸಲದ್ದನ್ನು ಗುರುತಿಸುತ್ತಿತ್ತು. ಕೇಳಿದ್ದೇನೆ ಎನ್ನುವುದು ನಿಜ. ಅರೆನಿಮಿಷದ ಹಿಂದೆ ಕೇಳಿದ್ದೆ. ಇನ್ನು ಮುಂದೆ ನಾನು ಯಾವ ದಿನವನ್ನು ನೆನೆದರೂ ಅದರೊಳಗೆ ಈ ಸದ್ದು ಇರುತ್ತದೆ. ಇದ್ದ ಒಂದೇ ಪರೀಕ್ಷೆಯನ್ನು ನಾನೇ ಕೆಡಿಸಿಕೊಂಡಿದ್ದೆ.

"ಐವತ್ತೈದೂವರೆ," ಎಂದ ಅವನು, ಅಳತೆಪಟ್ಟಿ ಹಿಡಿದು. "ಸಾಕಾ ಮೇಡಂ? ಇನ್ನು ಒತ್ತಿದ್ರೆ ನನಗೆ ಧೈರ್ಯ ಇಲ್ಲ."

"ಸಾಕು."

ಮುಂದಿನ ಭಾನುವಾರ ಹೋಗಿ ಹೊಂಡದ ಮುಂದೆ ನಿಂತು ಹೊಡೆದೆ. ಅಂಚು ಈಗ ಮಣ್ಣಿಗೆ ಕಚ್ಚಲಿಲ್ಲ, ಹುಲ್ಲಿನ ಮೇಲೆ ಜಾರಿತು. ಚೆಂಡು ಚೆನ್ನಾಗಿ ಎತ್ತರಕ್ಕೆ ಹೋಯಿತು, ನೋಡಲು ಅಂದವಾಗಿತ್ತು, ನೀರಿನ ನಟ್ಟನಡುವೆ ಬಿತ್ತು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆಗಿನ ತೋಳು ಬೇರೆ, ಈಗಿನ ತೋಳು ಬೇರೆ.

ಡಾಕ್ಟರಿಗೆ ಮತ್ತೆ ಫೋನ್ ಮಾಡಿ, ನಾನು ಕೈಯಲ್ಲಿ ಹೇಗೆ ತೋರಿಸಿದ್ದೆನೋ ವಿಡಿಯೋ ಕಾಲಿನಲ್ಲಿ ತೋರಿಸಿ ಎಂದು ಕೇಳಬಹುದು. ಕೇಳಿಲ್ಲ. ಅವರು ತೋರಿಸಿದ ಮೇಲೆ ಅದು ನನ್ನದೇ ಕೈ ಅನ್ನಿಸಿಬಿಡುತ್ತದೆ.

ನನ್ನ ವೆಜ್‌ನ ಕತ್ತನ್ನು ಯಾರು ಬಗ್ಗಿಸಿದರೋ ನನಗೆ ಗೊತ್ತಿಲ್ಲ. ಅವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರೆ ಆ ಸುಳ್ಳು ನನ್ನ ಮೇಲಿನ ಪ್ರೀತಿಗೋ, ಆ ಮಾತನ್ನು ಅಲ್ಲಿಗೇ ಮುಗಿಸುವುದಕ್ಕೋ, ಅದೂ ಗೊತ್ತಿಲ್ಲ. ನಾನೇ ಮಾಡಿಸಿದ್ದಿರಬಹುದು. ಆ ಎರಡು ವರ್ಷ ನಾನು ಯಾರಿಗಾದರೂ ಬೇಕಾಗಿದ್ದೆನೋ ಇಲ್ಲವೋ, ಗೊತ್ತಿಲ್ಲ.